ಎಂಟನೇ ನಂಬರಿನ ಪನ್ನೀರು

ಮನುಷ್ಯನ ಮುಖದಲ್ಲಿ ಇಷ್ಟೊಂದು ಜಿಡ್ಡಿರುತ್ತದೆ ಎಂದು ಸುಮುಖನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಮನುಷ್ಯರ ಮೇಲಿದ್ದ ಅಷ್ಟಿಷ್ಟು ಗೌರವವೂ ಹೋಯಿತು. ಮೊದಲು ಹೋದದ್ದು ತನ್ನ ಮೇಲಿನದೇ.

ವಿಜಯವಾಡದ ಒಂದು ಮಾಲಿನ ಮೂರನೇ ಮಹಡಿಯಲ್ಲಿ, ಪಾಪ್‌ಕಾರ್ನ್ ಅಂಗಡಿಗೂ ಶೌಚಾಲಯಕ್ಕೂ ನಡುವೆ, ಅವನ ಕೆಲಸದ ಜಾಗ. ಗೋಡೆಗೆಲ್ಲ ಕಪ್ಪು ಬಣ್ಣ ಬಳಿದ ಹಾಲ್, ನೆಲದ ಮೇಲೆ ಎಂಟು ವೃತ್ತ, ವೃತ್ತಕ್ಕೊಂದು ವಿ.ಆರ್. ಹೆಡ್‌ಸೆಟ್. ಜಟಕಾ ಕುದುರೆಯ ಕಣ್ಕಾಪಿಗೆ ಮುಚ್ಚಳ ಹಾಕಿದಂತಿರುವ ಆ ಡಬ್ಬಿಯನ್ನು ಮುಖಕ್ಕೆ ಬಿಗಿದುಕೊಂಡವರಿಗೆ ಎದುರಿಗೆ ರಾಕ್ಷಸರು ಕಾಣುತ್ತಾರೆ, ಪಾತಾಳ ಕಾಣುತ್ತದೆ, ಮುಗಿಲಲ್ಲಿ ತೂಗುವ ಹಲಗೆ ಕಾಣುತ್ತದೆ. ಹೊರಗೆ ನಿಂತ ಸುಮುಖನಿಗೆ ಕಾಣುವುದು ಬಾಯಿ ತೆರೆದುಕೊಂಡು ಗಾಳಿಗೆ ಗುದ್ದುತ್ತಿರುವ ಯಾರೋ ಐವತ್ತರ ಗುತ್ತಿಗೆದಾರ, ಅವನ ಹಿಂದೆ ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿರುವ ಅವನ ಹೆಂಡತಿ. ಹತ್ತು ನಿಮಿಷಕ್ಕೆ ಒಬ್ಬರು. ಹಿಂದಿನವರು ಕಳಚಿ ಕೊಟ್ಟದ್ದನ್ನು ಒರೆಸಿ ಮುಂದಿನವರ ಮುಖಕ್ಕೆ ಕಟ್ಟುವುದು ಸುಮುಖನ ಕೆಲಸ. ಕೊರಳಿನ ಗುರುತಿನ ಚೀಟಿಯಲ್ಲಿ ಇದಕ್ಕೆ ‘ಇಮ್ಮರ್ಸಿವ್ ಎಕ್ಸ್‌ಪೀರಿಯೆನ್ಸ್ ಎಕ್ಸಿಕ್ಯೂಟಿವ್’ ಎಂದು ಬರೆದಿತ್ತು. ಹೊನ್ನಾಳಿಯಲ್ಲಿದ್ದ ಅವನ ಅಪ್ಪ ಅಷ್ಟುದ್ದ ಹೇಳಲಾರದೆ, ಕೇಳಿದವರಿಗೆಲ್ಲ ‘ಮುಂದಿನ ಕಾಲದ ಕೆಲಸ’ ಎನ್ನುತ್ತಿದ್ದರು. ಮುಂದಿನ ಕಾಲಕ್ಕೆ ಇಷ್ಟು ಗಬ್ಬು ವಾಸನೆ ಇರುತ್ತದೆ ಎಂದು ಅವರಿಗೆ ಹೇಳುವುದು ಹೇಗೆ?

ಡಬ್ಬಿಯ ಒಳಬದಿಯಲ್ಲಿ ಮುಖಕ್ಕೆ ಒತ್ತಿಕೊಳ್ಳುವ ಒಂದು ಸ್ಪಂಜಿನ ಚೌಕಟ್ಟಿದೆ. ಸುಮುಖನ ವೈರಿ ಅದೇ. ಮುಖದಿಂದ ಬಂದದ್ದನ್ನೆಲ್ಲ ಅದು ಕುಡಿಯುತ್ತದೆ, ಏನನ್ನೂ ಮರೆಯುವುದಿಲ್ಲ. ತೆಂಗಿನೆಣ್ಣೆ, ನೆಲ್ಲಿಕಾಯಿ ಎಣ್ಣೆ, ಪೌಡರು, ಕುಂಕುಮ, ವಿಭೂತಿ, ಮೊಡವೆಗೆ ಹಚ್ಚಿದ ಮುಲಾಮು. ಊರ ಬೆಟ್ಟದ ಮೇಲಿನ ಅಮ್ಮನವರಿಗೆ ಮುಡಿ ಕೊಟ್ಟು, ಬೋಳುತಲೆಗೆ ಗಂಧ ಮೆತ್ತಿಕೊಂಡು, ಹಾಗೇ ನೇರ ಆಟಕ್ಕೆ ಬರುವ ಕುಟುಂಬಗಳಿದ್ದವು. ಅಪ್ಪ, ಇಬ್ಬರು ಮಕ್ಕಳು, ಅಜ್ಜ, ನಾಲ್ಕು ಬೋಳುತಲೆ. ಅವರು ಆಡಿ ಹೋದ ಮೇಲೆ ಹೆಡ್‌ಸೆಟ್ಟಿನ ಪಟ್ಟಿಯಲ್ಲಿ ಹಳದಿ ಗಂಧದ ಹಕ್ಕಳೆ ನಿಂತಿರುತ್ತಿತ್ತು. ದೇವರ ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳಬೇಕೋ, ಇನ್ನೊಬ್ಬನ ನೆತ್ತಿಯ ಕೊಳೆಯೆಂದು ಮೂಗು ಮುಚ್ಚಿಕೊಳ್ಳಬೇಕೋ ಅವನಿಗೆ ಕೊನೆಯವರೆಗೂ ತೀರ್ಮಾನವಾಗಲಿಲ್ಲ. ಉಗುರಿನಿಂದ ಕೆರೆದು ತೆಗೆಯುತ್ತಿದ್ದ. ಆಮೇಲೆ ಅದೇ ಕೈಯಲ್ಲಿ ಊಟ. ಚೆನ್ನಾಗಿ ತೊಳೆದುಕೊಂಡೇ ಉಣ್ಣುತ್ತಿದ್ದ, ನಿಜ. ಆದರೂ ಸಾರಿನಲ್ಲಿ ಯಾರದೋ ಹಣೆಯ ರುಚಿ ಬರುತ್ತಿತ್ತು.

ಇದಕ್ಕೆ ಮೊದಲು ಒಂದು ವರ್ಷ ಅವನು ಎಲ್ಲರೂ ವೈಜಾಗ್ ಎನ್ನುವ ವಿಶಾಖಪಟ್ಟಣದ ಶಾಖೆಯಲ್ಲಿದ್ದ. ಸಮುದ್ರದ ಗಾಳಿ ಕಿಟಕಿಯಿಂದ ಬರುತ್ತಿದ್ದ ಆ ಜಾಗದಲ್ಲಿ ನಿಕಿತಾ ಎಂಬ ಮೈಸೂರಿನ ಹುಡುಗಿ ಮೇಲ್ವಿಚಾರಕಿ. ಆಕೆಯ ಶಿಸ್ತು ಶಿಸ್ತೇ. ಒಬ್ಬೊಬ್ಬರ ಮುಖಕ್ಕೂ ಹೊಸ ಕಾಗದದ ಮುಸುಕು, ಒಂದೊಂದು ಹೆಡ್‌ಸೆಟ್ಟಿಗೂ ಸ್ಪಿರಿಟ್ ಅದ್ದಿದ ಬೇರೆ ಬೇರೆ ಬಟ್ಟೆ, ಒರೆಸಿದ ಮೇಲೆ ಒಣಗಲು ಐದು ನಿಮಿಷ.

“ಸುಮುಖ, ಇದನ್ನ ಟೀವಿ ಅನ್ಕೋಬೇಡ್ರಿ. ಹಲ್ಲುಜ್ಜೋ ಬ್ರಷ್ ಅನ್ಕೊಳ್ಳಿ. ಒಬ್ಬರದನ್ನ ಇನ್ನೊಬ್ಬರ ಬಾಯಿಗೆ ಹಾಗೇ ಹಾಕ್ತೀರಾ?” ಎಂದು ಆಕೆ ಮೊದಲ ದಿನವೇ ಹೇಳಿದ್ದಳು. ಅವನು ತಲೆಯಾಡಿಸಿ ಎಲ್ಲ ಕಲಿತಿದ್ದ. ಈ ಕತೆಯಲ್ಲಿ ಮುಂದೆ ಏನೇ ನಡೆದರೂ ಅವನಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ವಿಜಯವಾಡದ ಮಾಲೀಕ ರಮಾಕಾಂತ ಆಟೋನಗರದಲ್ಲಿ ಲಾರಿಗಳಿಗೆ ಬಾಡಿ ಕಟ್ಟಿಸಿ ಮೇಲೆ ಬಂದ ಮನುಷ್ಯ. ತೆಲುಗಿನಲ್ಲಿ ಗುಡುಗುತ್ತಿದ್ದ, ಮನಸ್ಸು ಮಾತ್ರ ಕೆಟ್ಟದಲ್ಲ. ಹೆಡ್‌ಸೆಟ್ಟನ್ನೂ ಅವನು ಲಾರಿಯಂತೆಯೇ ಕಾಣುತ್ತಿದ್ದ.

“ಟ್ರಿಪ್ಪಿಗೊಂದು ಸಲ ಲಾರಿ ತೊಳೀತಾರಾ ಬಾಬು? ಮುಖಕ್ಕೆ ಕಾಗದ ಕಟ್ಟಿದ್ರೆ ಜನಕ್ಕೆ ಆಸ್ಪತ್ರೆ ನೆನಪಾಗುತ್ತೆ. ಸ್ಪಿರಿಟ್ ವಾಸನೆ ಬಂದ್ರೆ ಇಂಜೆಕ್ಷನ್ ನೆನಪಾಗುತ್ತೆ. ಅವರು ಬರೋದು ಸಂತೋಷಕ್ಕೆ. ಅರ್ಥಮೈಂದಾ?”

ಹೀಗೆ ಕಾಗದ ಹೋಯಿತು, ಸ್ಪಿರಿಟ್ಟೂ ಹೋಯಿತು. ಎರಡೇ ವಾರದಲ್ಲಿ ಹಾಲ್‌ನೊಳಗೆ ಮಳೆಗಾಲದ ಬಸ್ಸಿನ ಸೀಟಿನ ವಾಸನೆ ತುಂಬಿತು. ಗಿರಾಕಿಗಳು ಹೆಡ್‌ಸೆಟ್ ಮೂಗಿನ ಹತ್ತಿರ ಬಂದೊಡನೆ ಮುಖ ಹಿಂದಕ್ಕೆಳೆಯತೊಡಗಿದರು. ಆಗ ಸುಮುಖನಿಗೆ ಹೊಳೆದದ್ದು ಪನ್ನೀರು. ಅದೇ ವಾರ ರಮಾಕಾಂತನ ನೆಂಟರ ಮದುವೆಯಲ್ಲಿ ಬಾಗಿಲಲ್ಲಿ ಬೆಳ್ಳಿಯ ಪನ್ನೀರುದಾನಿ ಹಿಡಿದು ಬಂದವರ ಮೇಲೆ ಚಿಮುಕಿಸುವುದನ್ನು ಅವನು ನೋಡಿ ಬಂದಿದ್ದ. ಒಂದು ಸ್ಟೀಲಿನ ಪನ್ನೀರುದಾನಿ ತಂದ. ಹೆಗಲಿಗೊಂದು ಬಿಳಿ ಬಟ್ಟೆ ಹಾಕಿಕೊಂಡ. ಹೆಡ್‌ಸೆಟ್ ಕೈಗೆ ಬಂದೊಡನೆ ಬಟ್ಟೆಯಿಂದ ಗರಗರ ಎರಡು ಸುತ್ತು ಒರೆಸಿ, ಸ್ಪಂಜಿನ ಮೇಲೆ ಪನ್ನೀರನ್ನು ಮೂರು ಸಲ ಚಿಮುಕಿಸಿ, ಸೊಂಟ ಬಗ್ಗಿಸಿ, ಬೀಗರಿಗೆ ಪೇಟ ತೊಡಿಸುವವನಂತೆ ಗಿರಾಕಿಯ ತಲೆಗೆ ಏರಿಸತೊಡಗಿದ. ಜನ ಮರುಳಾಗಿ ಹೋದರು. ಪನ್ನೀರು ಕಣ್ಣಿಗೆ ಒಳ್ಳೆಯದೆಂದು ಅವರವರ ಅಜ್ಜಿಯರು ಹೇಳಿದ್ದೂ ನೆನಪಿಗೆ ಬಂತು. ಸುಮುಖ ತಾನೇ ತೆಲುಗಿನಲ್ಲಿ ಒಂದು ಬೋರ್ಡು ಬರೆಸಿ ಬಾಗಿಲಿಗೆ ತೂಗುಹಾಕಿದ. ಅದರ ಅರ್ಥ ಇಷ್ಟೇ: ‘ಕಣ್ಣಿಗೆ ತಂಪು, ಆಟಕ್ಕೆ ಕಂಪು’.

ರಮಾಕಾಂತ ಅವನ ಫೋಟೋ ತೆಗೆಸಿ, ‘ಈ ವರ್ಷದ ಉತ್ತಮ ನೌಕರ’ ಎಂದು ಬರೆಸಿ, ಚೌಕಟ್ಟು ಹಾಕಿಸಿ ಬೋರ್ಡಿನ ಪಕ್ಕದಲ್ಲೇ ತೂಗುಹಾಕಿಸಿದ. ಫೋಟೋದಲ್ಲಿ ಹೆಗಲ ಮೇಲೆ ಬಟ್ಟೆಯಿದೆ, ಕೈಯಲ್ಲಿ ಪನ್ನೀರುದಾನಿಯಿದೆ, ಮುಖದಲ್ಲಿ ಕ್ಷೌರದಂಗಡಿಯ ಪೋಸ್ಟರಿನ ನಗೆಯಿದೆ. ಎಂಟು ಹೆಡ್‌ಸೆಟ್ಟಿಗೂ ಆ ಬಟ್ಟೆ ಒಂದೇ. ಅದು ಮಾತ್ರ ಫೋಟೋದಲ್ಲಿ ಕಾಣುವುದಿಲ್ಲ.

ಸೋಮವಾರ ರಜೆ. ಅಂದು ಅವನ ಊಟ ಇಬ್ರಾಹಿಂಪಟ್ನಂನಲ್ಲಿ, ಕೇಶವಮೂರ್ತಿಯವರ ಮನೆಯಲ್ಲಿ. ಹರಿಹರದ ಕಡೆಯ ಕೇಶವಮೂರ್ತಿ ಅಲ್ಲಿನ ವಿದ್ಯುತ್ ಕೇಂದ್ರದಲ್ಲಿ ಕಲ್ಲಿದ್ದಲು ಸಾಗಿಸುವ ವಿಭಾಗದ ಫೋರ್‌ಮನ್. ಮೂವತ್ತು ವರ್ಷದಿಂದ ಅಲ್ಲೇ ಇದ್ದು ಮಾತು ಕಡಿಮೆಯಾಗಿದ್ದ ಮನುಷ್ಯ. ಅವರ ಹೆಂಡತಿ ದಾಕ್ಷಾಯಣಮ್ಮನಿಗೆ ಮಾತಿಗೆ ಬರವಿರಲಿಲ್ಲ, ಕನ್ನಡದಲ್ಲಿ ಕೇಳುವವರಿಗೆ ಬರವಿತ್ತು. ಮಾಲಿನ ಲಿಫ್ಟಿನಲ್ಲಿ ಸುಮುಖ ಅಪ್ಪನೊಡನೆ ಫೋನಿನಲ್ಲಿ ಮಾತಾಡುತ್ತಿದ್ದುದನ್ನು ಕೇಳಿ, “ಯಾವೂರಪಾ ನಿಂದು? ಹೊನ್ನಾಳಿನಾ? ಅಯ್ಯೋ ನಮ್ಮ ಮಗ್ಗುಲ ಊರು!” ಎಂದು ತೋಳು ಹಿಡಿದುಕೊಂಡವರು ಆಮೇಲೆ ಬಿಟ್ಟಿರಲಿಲ್ಲ.

“ಆಂಟಿ ಅನ್ಬ್ಯಾಡ, ಕಿವಿಗೆ ಕರ್ಕಶ ಆಗ್ತತಿ. ಬಾಯ್ತುಂಬ ಅತ್ತಿ ಅನ್ನು” ಎಂದಿದ್ದರು. ಅವರಿಗೆ ಮಾನಸ ಎಂಬ ಮಗಳೂ ಇದ್ದುದರಿಂದ ಸುಮುಖ ಈ ‘ಅತ್ತಿ’ಗೆ ತನಗೆ ಬೇಕಾದ ಅರ್ಥವನ್ನೇ ಹಚ್ಚಿಕೊಂಡು ಎರಡು ಹೊಸ ಅಂಗಿ ಹೊಲಿಸಿಕೊಂಡ. ಮಾನಸಳಿಗೆ ಆ ಅಂಗಿಗಳು ಕಣ್ಣಿಗೆ ಬಿದ್ದ ಲಕ್ಷಣವಿರಲಿಲ್ಲ.

ಆ ಮನೆಯ ಜಗುಲಿಯ ಮೇಲೆ ವಿದ್ಯುತ್ ಕೇಂದ್ರದ ಚಿಮಣಿಯ ಬೂದಿ ಹಿಟ್ಟು ಜರಡಿ ಹಿಡಿದಂತೆ ಕೂರುತ್ತಿತ್ತು. ದಾಕ್ಷಾಯಣಮ್ಮ ದಿನಕ್ಕೆ ಮೂರು ಸಲ ಒರೆಸುತ್ತಿದ್ದರು. ಅಡುಗೆಮನೆಯ ಗೋಡೆಗೆ ಸಾಲಾಗಿ ಮೊಳೆ, ಮೊಳೆಗೊಂದು ಬಟ್ಟೆ. ದೇವರ ಸಾಮಾನಿನದು, ಒಲೆಕಟ್ಟೆಯದು, ತಟ್ಟೆ ಲೋಟದ್ದು, ಕೈಯದು, ನೆಲದ್ದು ಬಚ್ಚಲ ಹತ್ತಿರ ಬೇರೆ. ಮೊದಲ ಸೋಮವಾರವೇ ಸುಮುಖ ಊಟ ಮಾಡಿ ಕೈತೊಳೆದು ಕೈಗೆ ಸಿಕ್ಕಿದ್ದರಲ್ಲಿ ಒರೆಸಿಕೊಂಡಿದ್ದ.

“ಲೇ ಲೇ ಲೇ! ಅದು ಒಲಿಕಟ್ಟಿದಲೇ! ಬಟ್ಟಿ ಬಟ್ಟಿಗೆ ವ್ಯತ್ಯಾಸ ಗೊತ್ತಿಲ್ಲೇನು? ಮುಂದಿನ ಕಾಲದ ಕೆಲಸ ಮಾಡ್ತಾನಂತೆ!”

ಮಾನಸ ನಕ್ಕಿದ್ದಳು. ಅವಳು ನಕ್ಕಿದ್ದಕ್ಕೆ ಇವನು ಇನ್ನೆರಡು ಸಲ ಬೇಕೆಂದೇ ತಪ್ಪು ಬಟ್ಟೆ ಹಿಡಿದ.

ಮಾನಸ ಮೆಕ್ಯಾನಿಕಲ್ ಡಿಪ್ಲೊಮಾ ಓದಿದವಳು. ಆಟೋನಗರದ ಒಂದು ಶೆಡ್ಡಿನಲ್ಲಿ, ಗಂಡಸರು ಎಂಜಿನ್ ಬಿಚ್ಚುವುದನ್ನು ಗಾಜಿನಾಚೆಯಿಂದ ನೋಡುತ್ತ ಫೋನ್ ಎತ್ತಿ ‘ನಮಸ್ತೇ ಅಂಡಿ’ ಎನ್ನುವ ಕೆಲಸ. ಎರಡು ಸಲ ತಪ್ಪಿ ಮೂರನೆಯ ಸಲ ರೈಲ್ವೆಯ ಸಹಾಯಕ ಲೋಕೋ ಪೈಲಟ್ ಪರೀಕ್ಷೆ ದಾಟಿದ್ದಳು. ಉಳಿದದ್ದು ವಿಶಾಖಪಟ್ಟಣದಲ್ಲಿ ವೈದ್ಯಕೀಯ ತಪಾಸಣೆ ಒಂದೇ. ರೈಲು ಓಡಿಸುವವರಿಗೆ ಬೇರೆಲ್ಲದಕ್ಕಿಂತ ಕಣ್ಣೇ ದೊಡ್ಡದು: ಕನ್ನಡಕವಿಲ್ಲದೆ ದೂರದ್ದು ಕಾಣಬೇಕು, ಹಸಿರು ಕೆಂಪು ತಪ್ಪದೆ ಗುರುತಾಗಬೇಕು. ಎರಡು ತಿಂಗಳಿಂದ ಅವಳು ಮೊಬೈಲಿನಲ್ಲಿ ವಿಡಿಯೋ ನೋಡುವುದನ್ನು ಬಿಟ್ಟಿದ್ದಳು. ಬಿಸಿಲಿಗೆ ಕೊಡೆ, ಧೂಳಿಗೆ ಕನ್ನಡಕ. ತಾಯಿ ದಿನಾ ಗಜ್ಜರಿ ತುರಿದು ಮುಂದಿಡುತ್ತಿದ್ದರು.

“ಅಲ್ಲಿ ಕಣ್ಣು ಸ್ವಲ್ಪ ಕೆಂಪಿದ್ರೂ ವಾಪಸ್ ಕಳಿಸ್ತಾರೆ ಕದಾ” ಎನ್ನುತ್ತಿದ್ದಳು. ಅವಳ ಕನ್ನಡದ ವಾಕ್ಯಗಳಿಗೆಲ್ಲ ಬಾಲದಲ್ಲಿ ‘ಅಲ್ವಾ’ ಎನ್ನುವ ತೆಲುಗಿನ ಒಂದು ‘ಕದಾ’ ಇರುತ್ತಿತ್ತು. “ಮತ್ತೆ ಯಾವಾಗ ಕರೀತಾರೋ, ಕರೀತಾರೋ ಇಲ್ಲವೋ. ಈ ಫೋನ್ ಎತ್ತೋ ಕೆಲಸದಲ್ಲೇ ಮುದುಕಿ ಆಗ್ತೀನಿ.”

ಇಲ್ಲಿ ಸುಮುಖ ಬಾಯಿ ಹಾಕಿದ. ಅವನ ಎಂಟು ವೃತ್ತಗಳಲ್ಲಿ ರೈಲು ಓಡಿಸುವ ಆಟವೂ ಒಂದಿತ್ತು. ಯಾವುದೋ ಹಿಮದ ದೇಶದ ಎಂಜಿನ್, ಕೈಗೆ ಸಿಗುವ ಲಿವರು, ಸುರಂಗ, ಸೇತುವೆ, ಸಿಗ್ನಲ್ಲು. “ಮೆಡಿಕಲ್‌ಗೆ ಮೊದಲು ಒಂದು ಸಲ ಓಡಿಸಿ ನೋಡು, ಧೈರ್ಯ ಬರುತ್ತೆ” ಎಂದ. ಅವಳಿಗೆ ಧೈರ್ಯ ಬರುವುದಕ್ಕಿಂತ ಅವಳೆದುರು ತಾನು ಪನ್ನೀರುದಾನಿ ತಿರುಗಿಸುವುದನ್ನು ನೆನೆದೇ ಅವನ ಎದೆ ಉಬ್ಬಿತ್ತು.

ಅಷ್ಟರಲ್ಲಿ ಊರಿಗೆ ಕಣ್ಣುಬೇನೆ ಬಂತು.

ಮಳೆ ಹಿಡಿದ ಎರಡನೇ ವಾರ. ಬಸ್‌ಸ್ಟ್ಯಾಂಡಿನಲ್ಲಿ, ಹೋಟೆಲಿನಲ್ಲಿ, ಎಲ್ಲಿ ನೋಡಿದರೂ ಕಪ್ಪು ಕನ್ನಡಕ. ಶಾಲೆಗಳಿಂದ ಮಕ್ಕಳನ್ನು ಮನೆಗೆ ಕಳಿಸಿದರು. ಮನೆಗೆ ಬಂದ ಮಕ್ಕಳು ಹೊತ್ತು ಹೋಗದೆ ಆಟಕ್ಕೆ ಬಂದರು. ಅವರ ಹಿಂದೆ ಅವರಪ್ಪಂದಿರು ಬಂದರು. ಬಾಗಿಲಲ್ಲಿ ಕಪ್ಪು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ಟೊಮೆಟೊ ಬಣ್ಣದ ಕಣ್ಣು ಪಿಳಿಪಿಳಿ ಬಿಡುತ್ತ, “ಸ್ವಲ್ಪ ಪನ್ನೀರು ಜಾಸ್ತಿ ಹಾಕು ಬಾಬು, ಕಣ್ಣು ಉರೀತಿದೆ” ಎಂದು ಮುಖ ಒಡ್ಡುವರು. ಬೋರ್ಡು ಹಾಗೇ ಹೇಳಿತ್ತಲ್ಲ! ಒಬ್ಬ ಮಹಾನುಭಾವ ಆಟವಾಡದೆ ಬರೀ ಪನ್ನೀರಿಗಾಗಿ ಹತ್ತು ನಿಮಿಷ ಹೆಡ್‌ಸೆಟ್ ಕಟ್ಟಿಕೊಂಡು ಕೂತು ಹೋದ. ಅವನು ಕಳಚಿಟ್ಟಾಗ ಸ್ಪಂಜಿನಿಂದ ಅವನ ಮುಖದವರೆಗೆ ಒಂದು ಎಳೆ ಜಗ್ಗಿ ತುಂಡಾಯಿತು. ಸುಮುಖ ಹೆಗಲ ಬಟ್ಟೆಯಿಂದ ಒರೆಸಿ, ಪನ್ನೀರು ಚಿಮುಕಿಸಿ, ಮುಂದಿನವರಿಗೆ ಕಟ್ಟಿದ.

ಹೇಳಬಹುದಿತ್ತು. ‘ಸಾರ್, ಇದು ಔಷಧಿಯಲ್ಲ, ಗುಲಾಬಿ ನೀರು, ಈ ಬಟ್ಟೆಯೇ ಊರಿಗೆಲ್ಲ ಬೇನೆ ಹಂಚುತ್ತಿದೆ’ ಎನ್ನಬಹುದಿತ್ತು. ಆದರೆ ಹಾಗೆಂದರೆ ಆ ಬೋರ್ಡು ಕೆಳಗಿಳಿಯಬೇಕು. ಬೋರ್ಡಿನ ಪಕ್ಕದ ಫೋಟೋವೂ. ರಮಾಕಾಂತನೊಡನೆ ಒಮ್ಮೆ ಮಾತು ಶುರುಮಾಡಿದ.

“ಸಾರ್, ಕಣ್ಣುಬೇನೆ...”

“ಗೊತ್ತು ಬಾಬು, ಅದಕ್ಕೇ ರಶ್ಶು! ನಿನ್ನ ತಲೆಯೇ ತಲೆ!” ಎಂದು ರಮಾಕಾಂತ ಬೆನ್ನು ತಟ್ಟಿದ. ಸುಮುಖ ಬೆನ್ನನ್ನು ಇನ್ನೊಂದಿಷ್ಟು ಒಡ್ಡಿದ.

ಮಾನಸಳಿಗೆ ಮಾತ್ರ ಅವನು ಒಂದು ಏರ್ಪಾಡು ಮಾಡಿದ್ದ. ತಪಾಸಣೆ ಗುರುವಾರ, ಅವಳು ಆಟಕ್ಕೆ ಬರುವುದು ಅದರ ಹಿಂದಿನ ಭಾನುವಾರ. ಊರಲ್ಲಿ ಬೇನೆಯಿರುವಾಗ ಬೇಡವೆಂದು ಅವಳು ಹಿಂದೆಗೆದಾಗ ಇವನೇ ಆಣೆ ಪ್ರಮಾಣ ಮಾಡಿದ. “ನಿನಗೇ ಅಂತ ಎಂಟನೇ ನಂಬರು ಬೇರೆ ಇಟ್ಟಿರ್ತೀನಿ. ಸ್ಪಿರಿಟ್ ಹಾಕಿ ತೊಳೆದು, ಪ್ಲಾಸ್ಟಿಕ್ ಸುತ್ತಿ, ಬೀಗದೊಳಗೆ. ಯಾರೂ ಮುಟ್ಟಲ್ಲ.” ಹಾಗೇ ಮಾಡಿದ. ಶುಕ್ರವಾರವೇ ‘ಎಂಟು ಕೆಟ್ಟಿದೆ’ ಎಂದು ಚೀಟಿ ಅಂಟಿಸಿ, ನಿಕಿತಾ ಕಲಿಸಿದ ಕ್ರಮದಲ್ಲಿ ಚೊಕ್ಕಮಾಡಿ, ಡ್ರಾಯರಿನಲ್ಲಿಟ್ಟು ಬೀಗ ಹಾಕಿದ. ಊರಿಗೆಲ್ಲ ಒಂದು ನ್ಯಾಯ, ಅತ್ತಿಯ ಮಗಳಿಗೆ ಇನ್ನೊಂದು. ಅದರಲ್ಲಿ ಅವನಿಗೆ ನಾಚಿಕೆಯೇನೂ ಆಗಲಿಲ್ಲ, ಪ್ರೀತಿಯೆಂದೇ ತಿಳಿದಿದ್ದ.

ಭಾನುವಾರ ನಾಲ್ಕು ಗಂಟೆಗೆ ಮೂವರೂ ಬಂದರು. ಕೇಶವಮೂರ್ತಿ ಇಸ್ತ್ರಿ ಅಂಗಿಯಲ್ಲಿ, ದಾಕ್ಷಾಯಣಮ್ಮ ರೇಷ್ಮೆಯಲ್ಲಿ, ಮಾನಸ ಜಡೆ ಬಿಗಿದುಕೊಂಡು. ಸುಮುಖ ಆಗಷ್ಟೆ ಮೂರನೇ ನಂಬರಿನ ಕೆಂಗಣ್ಣಿನ ಗಿರಾಕಿಯನ್ನು ಕಳಿಸಿ, ಒರೆಸಿ, ಬಟ್ಟೆ ಹೆಗಲಿಗೆ ಹಾಕಿಕೊಂಡಿದ್ದ.

ದಾಕ್ಷಾಯಣಮ್ಮ ಫೋಟೋದ ಮುಂದೆ ನಿಂತರು. “ನೋಡ್ರೀ ಇಲ್ಲಿ! ನಮ್ ಸುಮುಖನ ಫೋಟೋ ಹಾಕ್ಯಾರೆ! ಮೈಗೆ ದೃಷ್ಟಿ ತಾಗೀತು. ಹೊನ್ನಾಳಿಗೆ ಕಳ್ಸಿಯೇನಪ ಇದನ್ನ?”

“ನಿಮ್ಮ ಕರ್ನಾಟಕದವರಾ? ದಯಮಾಡಿ, ದಯಮಾಡಿ!” ರಮಾಕಾಂತ ಕುರ್ಚಿ ಎಳೆದು ಹಾಕಿದ. “ಬಾಬು, ನಿನ್ನ ಮರ್ಯಾದೆ ತೋರಿಸು ನೋಡೋಣ!”

ಸುಮುಖ ಡ್ರಾಯರಿನ ಬೀಗ ತೆಗೆದ. ಎಂಟನೇ ನಂಬರನ್ನು ಎರಡೂ ಕೈಯಲ್ಲಿ ಎತ್ತಿದ, ಪ್ಲಾಸ್ಟಿಕ್ ಬಿಚ್ಚಿದ. ಎಲ್ಲರ ಕಣ್ಣು ಅವನ ಮೇಲೆ. ಮಾನಸ ಮುಗುಳ್ನಗುತ್ತಿದ್ದಳು. ಇದಕ್ಕಿಂತ ಒಳ್ಳೆಯ ಗಳಿಗೆ ಅವನ ಬದುಕಿನಲ್ಲಿ ಬಂದಿರಲಿಲ್ಲ. ಹೆಗಲ ಬಟ್ಟೆಯನ್ನು ಛಟ್ಟನೆ ಕೊಡವಿ, ಗಾಜು ಎರಡು ಸುತ್ತು, ಸ್ಪಂಜು ಎರಡು ಸುತ್ತು ಒರೆಸಿ, ಪನ್ನೀರುದಾನಿ ಎತ್ತಿ ಮೂರು ಸಲ ಚಿಮುಕಿಸಿ, ಸೊಂಟ ಬಗ್ಗಿಸಿ ಅವಳ ತಲೆಗೆ ತೊಡಿಸಿದ. ಹಿಂದಿನಿಂದ ಪಟ್ಟಿಯನ್ನೂ ಬಿಗಿಮಾಡಿದ. ಹೊಸ ಬೀಗರು ಬಂದಾಗ ಕೈ ತಾನಾಗಿಯೇ ಮಾಡುವ ಉಪಚಾರದ ಹಾಗೆ ಎಲ್ಲ ಮುಗಿದು ಹೋಯಿತು.

“ಮದುವೆ ಮನೆ ವಾಸನೆ!” ಮಾನಸ ಒಳಗಿನಿಂದ ನಕ್ಕಳು.

ಬಟ್ಟೆಯನ್ನು ಮತ್ತೆ ಹೆಗಲಿಗೆ ಹಾಕಿಕೊಳ್ಳುವಾಗ ಅದರ ಅಂಚು ಅವನ ಕತ್ತಿಗೆ ತಣ್ಣಗೆ ಅಂಟಿತು. ತೆಗೆದು ನೋಡಿದ. ಹಳದಿ ಗೀಜು. ಮೂರನೇ ನಂಬರಿನವನದು. ಬಟ್ಟೆಯ ಮಡಿಕೆಯಲ್ಲಿ ಅರ್ಧ ಉಳಿದಿತ್ತು. ಉಳಿದರ್ಧ ಎಲ್ಲಿ ಹೋಗಿತ್ತೆಂದು ಕೇಳಬೇಕಾಗಿರಲಿಲ್ಲ.

ಆ ಹತ್ತು ನಿಮಿಷವನ್ನು ಅವನು ಆಮೇಲೆ ಎಷ್ಟೋ ಸಲ ಲೆಕ್ಕಹಾಕಿದ್ದಾನೆ. ಮೊದಲ ನಿಮಿಷದಲ್ಲೇ ಕಳಚಿ, ‘ಓಡು, ಕಣ್ಣು ತೊಳ್ಕೊ’ ಎನ್ನಬಹುದಿತ್ತು. ಶೌಚಾಲಯ ಪಕ್ಕದಲ್ಲೇ ಇತ್ತು. ಆದರೆ ದಾಕ್ಷಾಯಣಮ್ಮ ಇನ್ನೂ ಫೋಟೋ ನೋಡುತ್ತಿದ್ದರು. ರಮಾಕಾಂತ ಕೇಶವಮೂರ್ತಿಗೆ ಸುಮುಖನ ತಲೆಯ ಗುಣಗಾನ ಮಾಡುತ್ತಿದ್ದ. ಮಾನಸ ಕಾಣದ ಲಿವರನ್ನು ಎಡಗೈಯಲ್ಲಿ ಎಳೆದು, ಬಲಗೈಯನ್ನು ಇಲ್ಲದ ಕಿಟಕಿಯಾಚೆ ಚಾಚಿ, “ಸುರಂಗ ಬಂತು! ಅಮ್ಮಾ, ಹಾರನ್! ಹಾರನ್!” ಎಂದು ಕೂಗುತ್ತಿದ್ದಳು. ಅವಳು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ಅವನು ಕೇಳಿರಲಿಲ್ಲ. ಇವನು ಬಟ್ಟೆಯನ್ನು ಗೀಜು ಒಳಗಾಗುವಂತೆ ಮಡಿಸಿ, ನಗುತ್ತ ನಿಂತಿದ್ದ. ಫೋಟೋದಲ್ಲಿದ್ದ ಅದೇ ನಗೆ.

ಹೆಡ್‌ಸೆಟ್ ಕಳಚಿದಾಗ ಅವಳ ಕಣ್ಣ ಸುತ್ತ ಸ್ಪಂಜಿನ ಗೆರೆ ಮೂಡಿತ್ತು. ಅಂಗೈಯಿಂದ ಕಣ್ಣುಜ್ಜಿಕೊಂಡಳು. ‘ಮುಖ ತೊಳ್ಕೊ’ ಎಂಬುದು ಅವನ ನಾಲಿಗೆ ತುದಿಯವರೆಗೆ ಬಂತು.

“ಹೆಂಗಿತ್ತು?” ಎಂದ.

“ಬ್ರೇಕ್ ಹಾಕೋದು ತಡ ಆಯ್ತು, ಸಿಗ್ನಲ್ ದಾಟಿಬಿಟ್ಟೆ” ಎಂದಳು ಅವಳು.

ಸೋಮವಾರ ಅವನು ಊಟಕ್ಕೆ ಹೋಗಲಿಲ್ಲ, ತಲೆನೋವೆಂದು ಫೋನ್ ಮಾಡಿದ. ಕನ್ನಡಿಯಲ್ಲಿ ತನ್ನ ಕಣ್ಣುಗಳನ್ನೇ ನೋಡುತ್ತ ಕೂತ. ಬಂದರೆ ತನಗೆ ಬರಲಿ ಎಂದು ದೇವರಿಗೆ ಬೇಡಿಕೊಂಡ. ಬೇಡಿಕೊಂಡ ಮೇಲೆ ಅದೂ ಅಸಹ್ಯವೆನಿಸಿತು. ಎಂಟು ಹೆಡ್‌ಸೆಟ್ಟಿನಿಂದ ಊರಿಗೆ ಹಂಚಿದ್ದು ಸಾಲದೆಂದು ಈಗ ದೇವರ ಕೈಯಲ್ಲಿ ಹಂಚಿಕೆ ಮಾಡಿಸಲು ಹೊರಟಿದ್ದ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ದಾಕ್ಷಾಯಣಮ್ಮನ ಫೋನು.

“ಸುಮುಖ, ಕೆಟ್ಟಾತು ನೋಡಪಾ. ಮಾನಸಂಗೆ ಎದ್ದಾಗ ಬಲಗಣ್ಣು ಅಂಟಿಕೊಂಡಿತ್ತು. ಬಿಸಿನೀರಾಗೆ ಬಿಡಿಸಿದ್ರೆ ಕೆಂಡದಂಗೆ ಕೆಂಪು. ನಾಳೆ ಬೆಳಿಗ್ಗೆ ವೈಜಾಗ್ ಗಾಡಿ. ಯಾರ ಕೆಟ್ಟ ಕಣ್ಣು ಬಿತ್ತೋ ಕೂಸಿನ ಮ್ಯಾಲೆ! ಡಾಕ್ಟ್ರು ಹನಿ ಔಷಧಿ ಬರಕೊಟ್ಟಾರೆ, ಐದು ದಿನ ಅಂತಾರೆ. ಐದು ದಿನ ಎಲ್ಲೈತಪಾ? ನಿಮ್ಮಲ್ಲಿ ಆ ಪನ್ನೀರು ಐತಲ್ಲ, ಕಣ್ಣಿಗೆ ತಂಪು ಅಂತ ಬೋರ್ಡ್ ಹಾಕೀರಲ್ಲ, ಒಂದು ಬಾಟ್ಲಿ ಬೇಗ ತಗಂಬಾ. ಇಲ್ಲಿ ಅಂಗಡ್ಯಾಗಿಂದು ಚೊಲೊ ಇರಂಗಿಲ್ಲ.”

ಬಾಟ್ಲಿ ತೆಗೆದುಕೊಂಡೇ ಹೊರಟ. ಯಾಕೆ ತೆಗೆದುಕೊಂಡೆನೆಂದು ಬಸ್ಸಿನಲ್ಲಿ ಕೂತ ಮೇಲೆ ಯೋಚಿಸಿದ. ಕೊಟ್ಟು ಬಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಊರಿಗೆಲ್ಲ ಬೇನೆಯಿದೆ, ಅವಳಿಗೂ ಬಂತು. ‘ಅತ್ತಿ, ದಿನಕ್ಕೆ ಮೂರು ಸಲ ಹಚ್ಚಿ’ ಎಂದರೆ ಅವರು ಮೂರು ಸಲ ಹಚ್ಚುತ್ತಾರೆ. ತನ್ನ ಬೋರ್ಡನ್ನು ನಂಬಿ ಮಗಳ ಹುಣ್ಣುಗಣ್ಣಿಗೆ ಸುರಿಯುತ್ತಾರೆ. ಇಬ್ರಾಹಿಂಪಟ್ನಂನ ಚಿಮಣಿಗಳು ಕಾಣುವ ಹೊತ್ತಿಗೆ ಅವನು ಸೀಟಿನಲ್ಲಿ ಕೂರಲಾರದೆ ಎದ್ದು, ಒಂದು ನಿಲ್ದಾಣ ಮೊದಲೇ ಇಳಿದು ನಡೆದ.

ಕೇಶವಮೂರ್ತಿ ಜಗುಲಿಯ ಮೇಲೆ ಬೂಟಿನ ಲೇಸು ಕಟ್ಟುತ್ತಿದ್ದರು. ಮಾನಸ ಕುರ್ಚಿಯಲ್ಲಿ, ಒಂದು ಕಣ್ಣು ಮುಚ್ಚಿಕೊಂಡು ಕೂತಿದ್ದಳು. ದಾಕ್ಷಾಯಣಮ್ಮ ಒದ್ದೆ ಕೈ ಮುಂದೆ ಚಾಚಿದರು. “ತಂದ್ಯಾ? ಕೊಡು.”

ಸುಮುಖ ಕೊಡಲಿಲ್ಲ.

“ಅತ್ತಿ, ಇದನ್ನ ಹಾಕಬ್ಯಾಡ್ರಿ. ಬೇನೆ ನಮ್ಮಲ್ಲಿಂದಲೇ ಬಂದಿದ್ದು. ಎಂಟನೇ ನಂಬರ್ ತೊಳೆದೇ ಇಟ್ಟಿದ್ದೆ. ಆದ್ರೆ ನಿಮ್ಮೆದುರಿಗೇ ಹೆಗಲ ಮೇಲಿನ ಬಟ್ಟೆಯಿಂದ ಒರೆಸಿಬಿಟ್ಟೆ. ಅದಕ್ಕೆ ಮೊದಲು ಬೇನೆ ಬಂದವನದನ್ನ ಅದರಲ್ಲೇ ಒರೆಸಿದ್ದೆ. ಆಗಲೇ ನೋಡ್ದೆ. ಹೇಳಲಿಲ್ಲ.”

ದಾಕ್ಷಾಯಣಮ್ಮನ ಕೈ ಚಾಚಿದ್ದು ಚಾಚಿದಂತೆಯೇ ಇತ್ತು. “ಯಾವ ಬಟ್ಟಿ?”

“ಅದೇ. ಫೋಟೋದಾಗಿಂದು.”

“ಎಂಟಕ್ಕೂ?”

“ಹ್ಞೂಂ.”

“ಎಂಟಕ್ಕೂ ಒಂದೇ ಬಟ್ಟಿ?” ಅವರ ದನಿ ಏರಲಿಲ್ಲ, ಅದೇ ಕಷ್ಟವಾಯಿತು. “ಬಂದವರಿಗೆಲ್ಲಾ? ದಿನಾ? ನಮ್ಮನ್ಯಾಗೆ ನೆಲದ ಬಟ್ಟಿ ಒಲಿಕಟ್ಟಿಗೆ ತಾಗಿದ್ರೆ ನಾನು ಬಿಸಿನೀರಾಗೆ ಕುದಿಸ್ತೀನಿ. ನೀ ಊರ ಮಂದಿ ಪಿಸುರು ನನ್ನ ಮಗಳ ಮಾರಿಗೆ ಒರೆಸಿ, ಮ್ಯಾಲೆ ಪನ್ನೀರು ಹೊಡ್ದಿ? ಥೂ!”

ಆ ‘ಥೂ’ ಜಗುಲಿಯ ಬೂದಿಯ ಮೇಲೆ ಬಿತ್ತು. ಕೇಶವಮೂರ್ತಿ ಲೇಸು ಕಟ್ಟುವುದನ್ನು ನಿಲ್ಲಿಸಿದವರು ಮತ್ತೆ ಮೊದಲಿನಿಂದ ಕಟ್ಟತೊಡಗಿದರು.

ಮಾನಸ ಎದ್ದು ನಿಂತಳು. “ಅವತ್ತೇ ಹೇಳಿದ್ರೆ ಅಲ್ಲೇ ತೊಳ್ಕೋತಿದ್ದೆ ಕದಾ” ಎಂದಳು. “ಹತ್ತೇ ಹೆಜ್ಜೆ. ಬಾತ್‌ರೂಮ್ ಬೋರ್ಡ್ ನಂಗೆ ಕಾಣ್ತಿತ್ತು. ನಿಂಗೆ ಕಾಣ್ಲಿಲ್ವಾ?”

“ಕಾಣ್ತಿತ್ತು.”

“ನಂಗೆ ಅಳು ಬರ್ತಿದೆ. ಅತ್ರೆ ಇನ್ನೂ ಕೆಂಪಾಗುತ್ತೆ. ನೀನು ಹೋಗು.”

“ವೈಜಾಗ್‌ನಲ್ಲಿ ನಂಗೆ ಎಲ್ಲ ಗೊತ್ತು. ದಾರಿ ತೋರ್ಸೋಕೆ ಬರ್ಲಾ?” ಬಾಯಿಂದ ಬಿದ್ದ ಮೇಲೆ ಅವನಿಗೇ ತನ್ನ ಬಾಯಿ ಮುಚ್ಚಬೇಕೆನಿಸಿತು.

“ದಾರಿ ಗೊತ್ತಾಗದಿದ್ರೆ ಯಾರನ್ನಾದ್ರೂ ಕೇಳ್ತೀನಿ” ಎಂದು ಅವಳು ಒಳಗೆ ಹೋದಳು.

ಅವಳು ಅಪ್ಪನೊಡನೆ ವೈಜಾಗ್‌ಗೆ ಹೋದಳು. ಗುರುವಾರ ಹೊತ್ತು ಮುಳುಗುವ ಮುಂಚೆ ಸುದ್ದಿ ಬಂತು. ಕೇಶವಮೂರ್ತಿಯವರೇ ಫೋನ್ ಮಾಡಿದ್ದರು. ಅವರು ಅವನಿಗೆ ಫೋನ್ ಮಾಡಿದ್ದು ಅದೇ ಮೊದಲು. “ಸದ್ಯಕ್ಕೆ ಅನರ್ಹ ಅಂತ ಬರೆದ್ರು. ಮೂರು ವಾರ ಬಿಟ್ಟು ಬರಬೇಕಂತೆ. ಕಣ್ಣು ಪೂರ್ತಿ ಬಿಳಿಯಾಗಿದ್ರೆ ಆಗ ನೋಡ್ತಾರಂತೆ, ಇಲ್ಲಾಂದ್ರೆ ಮುಗೀತು” ಎಂದು ಇಟ್ಟುಬಿಟ್ಟರು.

ಶುಕ್ರವಾರ ಸುಮುಖ ಆಟದ ಹಾಲ್ ಮುಚ್ಚಿದ. ‘ಕಣ್ಣುಬೇನೆಯ ಕಾರಣ’ ಎಂದು ಬರೆಯಲು ಕೈ ಬರಲಿಲ್ಲ. ಸತ್ಯ ಹೇಳುವ ಧೈರ್ಯ ಇಬ್ರಾಹಿಂಪಟ್ನಂನಲ್ಲೇ ಖಾಲಿಯಾಗಿತ್ತು. ‘ಸಾಫ್ಟ್‌ವೇರ್ ಅಪ್‌ಡೇಟ್ ನಡೆಯುತ್ತಿದೆ’ ಎಂದು ಬರೆದು ಅಂಟಿಸಿದ. ರಮಾಕಾಂತ ಕೂಗಾಡಲು ಬಂದವನು ಕಪ್ಪು ಕನ್ನಡಕ ಹಾಕಿಕೊಂಡೇ ಬಂದಿದ್ದ. ಅದನ್ನು ತೆಗೆದಾಗ ಒಳಗೆ ಎರಡು ಕೆಂಪು ದಾಸವಾಳ.

“ಏನಪ್ಪಾ ಇದು, ನನಗೇ ಬಂದುಬಿಟ್ಟಿದೆ!”

“ಗೊತ್ತು ಸಾರ್. ಅದಕ್ಕೇ ಅಪ್‌ಡೇಟ್” ಎಂದ ಸುಮುಖ.

ಎಂಟೂ ಸ್ಪಂಜುಗಳನ್ನು ಬಿಚ್ಚಿ ಬಕೀಟಿನಲ್ಲಿ ನೆನೆಹಾಕಿದ. ಮೊದಲ ನೀರು ಬೂದು ಬಣ್ಣಕ್ಕೆ ತಿರುಗಿತು, ಎರಡನೆಯದು ಹಳದಿಗೆ. ಮೂರನೆಯದರಲ್ಲಿ ಎಣ್ಣೆ ಬಣ್ಣಬಣ್ಣವಾಗಿ ತೇಲಿತು. ಬಕೀಟಿನ ತಳದಲ್ಲಿ ರೆಪ್ಪೆಕೂದಲು, ಗಂಧದ ಕಣ, ಯಾರದೋ ಹಣೆಯಿಂದ ಬಿಟ್ಟುಬಂದ ಬಿಂದಿ. ಇಷ್ಟು ದಿನ ಜನ ಇದನ್ನು ಕಣ್ಣಿಗೆ ಕಟ್ಟಿಕೊಂಡು ‘ಅಬ್ಬಾ, ಎಂಥ ಲೋಕ’ ಎಂದಿದ್ದರು. ಬೋರ್ಡು ಇಳಿಸಿದ. ಫೋಟೋದ ಚೌಕಟ್ಟು ಬಿಚ್ಚಿ ತನ್ನ ಮುಖವನ್ನು ನಾಲ್ಕಾಗಿ ಮಡಿಸಿ ಅದೇ ಬಟ್ಟೆಯಲ್ಲಿ ಸುತ್ತಿ ಕಸಕ್ಕೆ ಹಾಕಿದ. ಆಮೇಲೆ ಅವನಿಗೂ ಕಣ್ಣು ಬಂತು, ಎರಡೂ. ತಡವಾಗಿ ಬಂದ ನೆಂಟರ ಹಾಗೆ ಹತ್ತು ದಿನ ಕೂತು ಹೋಯಿತು.

ಕಾಗದದ ಮುಸುಕು ಮರಳಿ ಬಂತು, ಸ್ಪಿರಿಟ್ಟೂ ಬಂತು. ರಮಾಕಾಂತ ಈಗ ತಾನೇ ಬಾಗಿಲಲ್ಲಿ ನಿಂತು, “ಮುಖಕ್ಕೊಂದು ಕಾಗದ! ಕಣ್ಣು ಕೆಂಪಿದ್ದೋರು ಮನೆಗೆ!” ಎಂದು ಲಾರಿ ಕ್ಲೀನರನಂತೆ ಕೂಗುತ್ತಿದ್ದ. ಗಿರಾಕಿಗಳು ಮುಖ ಸಿಂಡರಿಸಿದರು. “ಮೊದಲು ಎಷ್ಟು ಘಮಘಮ ಅಂತಿತ್ತು, ಈಗ ಆಸ್ಪತ್ರೆ ಮಾಡಿಬಿಟ್ರಿ” ಎಂದು ಒಬ್ಬಾಕೆ ಸುಮುಖನನ್ನೇ ಬೈದು ಹೋದಳು. ಸೋಮವಾರಗಳಲ್ಲಿ ಅವನು ಹೋಟೆಲಿನಲ್ಲಿ ಊಟ ಮಾಡಿದ. ಮೂರು ವಾರ ಯಾವಾಗ ಮುಗಿಯುತ್ತದೆಂದು ಅವನಿಗೆ ಗೊತ್ತಿತ್ತು. ಕೇಳುವ ಮುಖವಿರಲಿಲ್ಲ.

ನಾಲ್ಕನೆಯ ವಾರದ ಒಂದು ಮಧ್ಯಾಹ್ನ ದಾಕ್ಷಾಯಣಮ್ಮ ಒಬ್ಬರೇ ಬಂದರು. ಕೈಯಲ್ಲಿ ಮುಚ್ಚಳ ಹಾಕಿದ ಸ್ಟೀಲ್ ಡಬ್ಬಿ. ಬೋರ್ಡಿದ್ದ ಜಾಗದ ಖಾಲಿ ಮೊಳೆಗಳನ್ನು ನೋಡಿದರು. ಎಂಟು ಗೂಟಕ್ಕೆ ನೇತುಹಾಕಿದ್ದ, ನಂಬರು ಹೊಲಿದ ಎಂಟು ಬಟ್ಟೆಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಅವನನ್ನು.

“ಪಾಸಾತು” ಎಂದರು. “ಎರಡೂ ಕಣ್ಣು. ಮುಂದಿನ ತಿಂಗಳು ಟ್ರೈನಿಂಗ್‌ಗೆ ಕರೀತಾರಂತೆ.”

ಸುಮುಖ ಕೈಯಲ್ಲಿದ್ದ ಹೆಡ್‌ಸೆಟ್ಟನ್ನು ಮೇಜಿನ ಮೇಲಿಟ್ಟ.

“ಹರಿಹರದಿಂದ ನಮ್ಮಕ್ಕ ಪೇಡೆ ಕಳ್ಸ್ಯಾಳೆ. ಎಲ್ರಿಗೂ ಹಂಚಾಕತ್ತೀನಿ. ನಿಂಗೆ ಕೊಡಬ್ಯಾಡ ಅಂದ್ಲು ಮಾನಸ. ಕೊಡು ಅಂದ್ರು ಅವರಪ್ಪ. ನಂಗೆ ಇಬ್ರ ಮಾತೂ ಖರೆ ಅನಿಸ್ತು.” ಡಬ್ಬಿಯನ್ನು ಮೇಜಿನ ಮೇಲಿಟ್ಟರು, ಮುಚ್ಚಳ ತೆಗೆಯಲಿಲ್ಲ. “ಕೈ ತೊಳ್ಕಂಬಾ. ಸೋಪು ಹಚ್ಚಿ.”

ಹತ್ತು ಹೆಜ್ಜೆ ಆಚೆಯ ಶೌಚಾಲಯಕ್ಕೆ ಹೋಗಿ, ಸೋಪು ಹಚ್ಚಿ, ಮೊಣಕೈವರೆಗೆ ತೊಳೆದು ಬಂದ. ನೀರು ತೊಟ್ಟಿಕ್ಕುತ್ತಿತ್ತು. ಅಭ್ಯಾಸಬಲದಿಂದ ಕೈ ಹೆಗಲಿನ ಕಡೆಗೆ ಹೋಯಿತು. ಅಲ್ಲಿ ಬಟ್ಟೆಯಿರಲಿಲ್ಲ. ಪ್ಯಾಂಟಿನ ಕಡೆಗೆ ಹೊರಳಿತು.

“ಒರಸ್ಕಬ್ಯಾಡ” ಎಂದರು ದಾಕ್ಷಾಯಣಮ್ಮ. “ಹಂಗೇ ಒಣಗ್ಲಿ.”

ಎರಡೂ ಕೈಗಳನ್ನು ಮುಂದೆ ಚಾಚಿಕೊಂಡು ಅವನು ನಿಂತ. ಹಿಂದೆ ಎರಡನೇ ವೃತ್ತದಲ್ಲಿ ಯಾರೋ ರಾಕ್ಷಸನಿಗೆ ಗುದ್ದುತ್ತಿದ್ದರು. ದಾಕ್ಷಾಯಣಮ್ಮ ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಅವನ ಬೆರಳುಗಳನ್ನೇ ನೋಡುತ್ತಿದ್ದರು. ಮಳೆಗಾಲದ ಗಾಳಿ, ಬೇಗ ಒಣಗುವಂತಿರಲಿಲ್ಲ.